ಹಸುವಿನ ಕಿವಿಯ ಹೆಸರಿನ ಊರು, ಒಬ್ಬ ತಾಯಿಯ ಮರಳಿನ ಲಿಂಗ

ನಮ್ಮ ಕರಾವಳಿಯಲ್ಲಿ ದೇವರ ಹೆಸರು ಹೊತ್ತ ಊರುಗಳಿಗೆ ಬರವಿಲ್ಲ. ಗೋಕರ್ಣದ ಹೆಸರು ಮಾತ್ರ ಬೇರೆ ಥರ. ಅದರಲ್ಲಿ ದೇವರ ಹೆಸರಿಲ್ಲ, ರಾಜನ ಹೆಸರೂ ಇಲ್ಲ. ಹಸುವಿನ ಕಿವಿ, ಅಷ್ಟೇ. ಭೂಕೈಲಾಸ, ದಕ್ಷಿಣ ಕಾಶಿ ಅಂತೆಲ್ಲ ಕರೆಸಿಕೊಳ್ಳುವ ಇಷ್ಟು ದೊಡ್ಡ ಕ್ಷೇತ್ರಕ್ಕೆ ಈ ಹೆಸರೇ ಯಾಕೆ ಗಟ್ಟಿಯಾಗಿ ನಿಂತಿತು ಅಂತ ಯೋಚಿಸಿದಷ್ಟೂ ನನಗೆ ಆ ಊರಿನ ಮೇಲೆ ಪ್ರೀತಿ ಜಾಸ್ತಿಯಾಗುತ್ತದೆ.

ಕಥೆ ನಿಮಗೆ ಗೊತ್ತಿರುತ್ತದೆ. ಯಕ್ಷಗಾನದಲ್ಲಿ ನೋಡಿರುತ್ತೀರಿ, ಇಲ್ಲವೇ ಅಜ್ಜಿಯ ಬಾಯಲ್ಲಿ ಕೇಳಿರುತ್ತೀರಿ. ಆದರೂ ಇನ್ನೊಮ್ಮೆ ಹೇಳಬೇಕು ಅನ್ನಿಸುತ್ತದೆ. ನಾವೆಲ್ಲ ಈ ಕಥೆಯನ್ನು ರಾವಣನಿಂದ ಶುರು ಮಾಡುತ್ತೇವೆ. ಅದು ನಿಜವಾಗಿ ಶುರುವಾಗುವುದು ಅವನ ತಾಯಿಯಿಂದ.

ಕೈಕಸಿ ಶಿವಭಕ್ತೆ. ದಿನಾ ಸಮುದ್ರದ ದಡಕ್ಕೆ ಹೋಗಿ, ಮರಳಲ್ಲಿ ಲಿಂಗ ಮಾಡಿ ಪೂಜೆ ಮಾಡುತ್ತಿದ್ದಳು. ಅಲೆ ಬಂದು ಆ ಲಿಂಗವನ್ನು ಕೊಚ್ಚಿಕೊಂಡು ಹೋಗುತ್ತಿತ್ತು. ಇಂದ್ರನೇ ಅದನ್ನು ಕದ್ದು ಸಮುದ್ರಕ್ಕೆ ಎಸೆದ ಅಂತಲೂ ಹೇಳುತ್ತಾರೆ. ಹೇಗಾದರಾಗಲಿ, ಪೂಜೆ ಅರ್ಧಕ್ಕೇ ನಿಂತುಹೋಯಿತು. ಅವಳು ಅತ್ತಳು. ಹತ್ತು ತಲೆಯ ಮಗ ಬಂದು, "ಅಳಬೇಡಮ್ಮ, ಈ ಮರಳಿನ ಲಿಂಗ ಯಾಕೆ, ಕೈಲಾಸದಿಂದ ಶಿವನ ಆತ್ಮಲಿಂಗವನ್ನೇ ತಂದುಕೊಡುತ್ತೇನೆ" ಅಂದ. ಲಂಕೆಯ ಒಡೆಯನಾದರೇನು, ತಾಯಿ ಅತ್ತಾಗ ಮಗ ಹೇಳುವ ಮಾತು ಅದೇ ಅಲ್ವಾ?

ಅವನು ಹೋದ, ಘೋರ ತಪಸ್ಸು ಮಾಡಿದ, ಶಿವನನ್ನು ಒಲಿಸಿಕೊಂಡ. ಶಿವ ಆತ್ಮಲಿಂಗ ಕೊಟ್ಟು ಒಂದೇ ಒಂದು ಷರತ್ತು ಹಾಕಿದ. ಲಂಕೆ ಸೇರುವವರೆಗೆ ಇದನ್ನು ನೆಲಕ್ಕೆ ಇಡಬಾರದು. ಇಟ್ಟರೆ ಅಲ್ಲೇ ನಿಂತುಬಿಡುತ್ತದೆ.

ಆತ್ಮಲಿಂಗ ಲಂಕೆ ಸೇರಿದರೆ ರಾವಣನನ್ನು ಹಿಡಿಯುವವರಿಲ್ಲ ಅಂತ ದೇವತೆಗಳಿಗೆ ಭಯ. ರಾವಣ ಈ ಕಡಲ ದಂಡೆಗೆ ಬರುವ ಹೊತ್ತಿಗೆ ವಿಷ್ಣು ಸುದರ್ಶನ ಚಕ್ರವನ್ನು ಸೂರ್ಯನಿಗೆ ಅಡ್ಡ ಹಿಡಿದ. ಸಂಜೆಯಾಯಿತು ಅಂದುಕೊಂಡ ರಾವಣನಿಗೆ ಸಂಧ್ಯಾವಂದನೆಯ ಚಿಂತೆ ಹತ್ತಿತು. ಲೋಕವನ್ನೇ ನಡುಗಿಸಿದವನು ಒಂದು ಹೊತ್ತಿನ ಸಂಧ್ಯಾವಂದನೆ ತಪ್ಪಿಸಲು ಒಪ್ಪಲಿಲ್ಲ. ಅವನಲ್ಲಿ ನನಗೆ ಗೌರವ ಹುಟ್ಟಿಸುವ ಮಾತು ಅದು. ಅಲ್ಲೇ ಒಬ್ಬ ಹುಡುಗ ದನ ಮೇಯಿಸುತ್ತಿದ್ದ. ಅವನು ಗಣಪತಿ. "ಸ್ವಲ್ಪ ಹೊತ್ತು ಹಿಡಿದುಕೋ ಮಗು" ಅಂದ ರಾವಣ. ಹುಡುಗ ಒಪ್ಪಿದ. "ಭಾರ ಆದರೆ ಮೂರು ಸಲ ಕರೆಯುತ್ತೇನೆ. ಬರದಿದ್ದರೆ ಕೆಳಗಿಡುತ್ತೇನೆ" ಅಂದ. ಕರೆದ. ರಾವಣ ಅರ್ಘ್ಯ ಬಿಡುತ್ತಿದ್ದ, ಮಧ್ಯದಲ್ಲಿ ಏಳುವಂತಿರಲಿಲ್ಲ. ಹುಡುಗ ಲಿಂಗವನ್ನು ಮರಳ ಮೇಲೆ ಇಟ್ಟೇಬಿಟ್ಟ.

ಸಿಟ್ಟಿಗೆ ರಾವಣ ಅವನ ತಲೆಗೆ ಗುದ್ದಿದ. ಆಮೇಲೆ ಎರಡೂ ಕೈಯಲ್ಲಿ, ಇಪ್ಪತ್ತೂ ಕೈಯಲ್ಲಿ ಲಿಂಗವನ್ನು ಹಿಡಿದು ಎಳೆದ. ಕೈಲಾಸವನ್ನೇ ಅಲುಗಾಡಿಸಿದ ಕೈಗಳು ಅವು. ಲಿಂಗ ಕದಲಲಿಲ್ಲ. ಎಳೆದ ರಭಸಕ್ಕೆ ತಿರುಚಿಕೊಂಡು ಹಸುವಿನ ಕಿವಿಯ ಆಕಾರಕ್ಕೆ ಬಂತು. ಊರು ಗೋಕರ್ಣವಾಯಿತು. ಸೋತು ಕೈಬಿಟ್ಟ ರಾವಣ "ನೀನು ಮಹಾಬಲ" ಅಂದನಂತೆ. ದೇವರು ಮಹಾಬಲೇಶ್ವರನಾದ.

ಊರಿಗೆ ಹೆಸರು ಬಂದದ್ದೂ ದೇವರಿಗೆ ಹೆಸರು ಬಂದದ್ದೂ ರಾವಣನಿಂದಲೇ. ಊರಿನ ಹೆಸರು ಅವನ ಕೈಯ ಎಳೆತದ ಗುರುತು, ದೇವರ ಹೆಸರು ಅವನ ಬಾಯಿಂದ ಬಂದ ಮಾತು. ಎಷ್ಟು ದೊಡ್ಡ ಸೋಲಾದರೂ ಅದು ಭಕ್ತನ ಸೋಲು. ಹಾಗಾಗಿಯೇ ಇರಬೇಕು, ಗೋಕರ್ಣದಲ್ಲಿ ರಾವಣನ ಕಥೆ ಹೇಳುವವರ ದನಿಯಲ್ಲಿ ದ್ವೇಷ ಕೇಳಿಸುವುದಿಲ್ಲ. ಅವನು ಎತ್ತಿಕೊಂಡು ಬಾರದಿದ್ದರೆ ಶಿವ ಈ ಮರಳಿಗೆ ಇಳಿಯುತ್ತಲೇ ಇರಲಿಲ್ಲ.

ಹೆಸರಿಗೆ ಇನ್ನೊಂದು ಪುರಾಣವೂ ಇದೆ. ಪಾತಾಳದಲ್ಲಿದ್ದ ರುದ್ರ ಮೇಲೆ ಬರುವಾಗ ಗೋವಿನ ರೂಪದ ಭೂದೇವಿಯ ಕಿವಿಯಿಂದ ಹೊರಬಂದ ಜಾಗ ಇದು ಅನ್ನುತ್ತಾರೆ. ಇನ್ನು ಕೆಲವರು ಗಂಗಾವಳಿ, ಅಘನಾಶಿನಿ ಎರಡು ನದಿಗಳ ನಡುವಿನ ಈ ನೆಲವೇ ಕಿವಿಯ ಹಾಗಿದೆ ಅನ್ನುತ್ತಾರೆ. ಮೂರರಲ್ಲಿ ಯಾವುದು ಸರಿ ಅಂತ ವಾದ ಮಾಡುವ ಮನಸ್ಸು ನನಗಿಲ್ಲ. ಭೂಮಿಯ ಕಿವಿ ಅನ್ನುವ ಮಾತಂತೂ ನನಗೆ ತುಂಬಾ ಇಷ್ಟ. ಗರ್ಭಗುಡಿಯಲ್ಲಿ ಬಗ್ಗಿ ಬೇಡಿಕೊಳ್ಳುವಾಗ ಆ ಮಾತು ನೆನಪಾಗುತ್ತದೆ. ಕೇಳಿಸಿಕೊಳ್ಳುವ ಜಾಗಕ್ಕೇ ಬಂದಿದ್ದೇನೆ ಅನ್ನುವ ಧೈರ್ಯ ಬರುತ್ತದೆ.

ಹೆಸರು ಇಂದು ನಿನ್ನೆಯದಲ್ಲ. ರಾಮಾಯಣದ ಉತ್ತರಕಾಂಡದಲ್ಲಿ ರಾವಣ ತನ್ನ ತಮ್ಮಂದಿರ ಜೊತೆ ತಪಸ್ಸಿಗೆ ಕೂತದ್ದು ಗೋಕರ್ಣದಲ್ಲೇ. ಕಾಳಿದಾಸನ ರಘುವಂಶದ 8ನೇ ಸರ್ಗದಲ್ಲಿ ನಾರದರು ವೀಣೆ ಹಿಡಿದು ಆಕಾಶದಲ್ಲಿ ಹೊರಟದ್ದು ದಕ್ಷಿಣ ಸಮುದ್ರದ ದಡದ ಗೋಕರ್ಣದ ಈಶ್ವರನಿಗೆ ಸೇವೆ ಸಲ್ಲಿಸಲು. ತಮಿಳುನಾಡಿನ ಶೈವ ಸಂತರಾದ ಅಪ್ಪರ್ ಮತ್ತು ಸಂಬಂಧರ್ ಕೂಡ 7ನೇ ಶತಮಾನದಲ್ಲೇ ಈ ದೇವರ ಮೇಲೆ ಹಾಡಿದ್ದಾರೆ. ಪರಶುರಾಮ ಸಮುದ್ರದಿಂದ ಪಡೆದ ನೆಲವನ್ನು ಹೇಳುವಾಗಲೂ "ಗೋಕರ್ಣದಿಂದ ಕನ್ಯಾಕುಮಾರಿವರೆಗೆ" ಅನ್ನುವುದು ರೂಢಿ.

ಗೋಕರ್ಣದ ದರ್ಶನಕ್ಕೆ ಒಂದು ಕ್ರಮ ಇದೆ. ಮೊದಲು ಸಮುದ್ರಸ್ನಾನ, ಆಮೇಲೆ ಕೋಟಿತೀರ್ಥ ಅನ್ನುವ ಕೊಳ, ಆಮೇಲೆ ಗಣಪತಿ, ಕೊನೆಗೆ ಮಹಾಬಲೇಶ್ವರ. ಅವಸರ ಇದ್ದವರು ನೇರ ದೇವಸ್ಥಾನಕ್ಕೆ ಹೋಗಿಬಿಡುತ್ತಾರೆ. ಹಾಗೆ ಮಾಡಬೇಡಿ ಅಂತ ನನ್ನ ಕೋರಿಕೆ. ಗಣಪತಿಯ ಗುಡಿಯನ್ನು ಬಿಟ್ಟು ಮುಂದೆ ಹೋದರೆ ಕಥೆಯ ಮುಖ್ಯ ವ್ಯಕ್ತಿಯನ್ನೇ ಬಿಟ್ಟ ಹಾಗೆ. ಅಲ್ಲಿ ಗಣಪತಿ ನಿಂತಿದ್ದಾನೆ, ಎರಡೇ ಕೈ. ದನ ಕಾಯುವ ಹುಡುಗನಾಗಿ ಬಂದವನಿಗೆ ನಾಲ್ಕು ಕೈ ಯಾಕೆ? ಅವನ ತಲೆಯ ಮೇಲೆ ಒಂದು ತಗ್ಗು ಇದೆ. ರಾವಣನ ಗುದ್ದಿನ ಗುರುತು ಅದು. ಪೆಟ್ಟು ತಿಂದವನಿಗೆ ಮೊದಲ ಪೂಜೆ. ಈ ಕ್ರಮವನ್ನು ಯಾರು ಮಾಡಿದರೋ, ಅವರ ಮನಸ್ಸು ದೊಡ್ಡದು.

ಮಹಾಬಲೇಶ್ವರನ ಗುಡಿಯಲ್ಲಿ ಗಂಡಸರು ಅಂಗಿ ತೆಗೆದು ಪಂಚೆಯಲ್ಲಿ ಹೋಗಬೇಕು. ಗರ್ಭಗುಡಿ ಚಿಕ್ಕದು. ಒಳಗೆ ಹೋದರೆ ಕಣ್ಣಿಗೆ ಎತ್ತರದ ಲಿಂಗ ಕಾಣಿಸುವುದಿಲ್ಲ. ಕಾಣುವುದು ಪೀಠ, ಅದರ ಮೇಲೆ ಒದ್ದೆಯಾದ ಬಿಲ್ವಪತ್ರೆ, ಹೂವು. ಪೀಠದ ನಡುವೆ ಒಂದು ಸಣ್ಣ ರಂಧ್ರ. ಲಿಂಗವನ್ನು ಪೀಠಕ್ಕೆ ಬಿಗಿಯುವ ಅಷ್ಟಬಂಧ ಆಗುವಾಗ ಮಾತ್ರ, ಅಂದರೆ 40 ವರ್ಷಕ್ಕೊಮ್ಮೆ, ಲಿಂಗ ಪೂರ್ತಿ ಕಾಣುತ್ತದೆ. ಉಳಿದ ದಿನ ಕೈಗೆ ಸಿಕ್ಕಷ್ಟೇ. ಪತ್ರೆಯನ್ನು ಪಕ್ಕಕ್ಕೆ ಸರಿಸಿ, ಆ ರಂಧ್ರದ ನೀರಿನೊಳಗೆ ಬೆರಳು ಇಳಿಸಬೇಕು. ಮೊದಲು ತಣ್ಣಗಿನ ನೀರು ತಾಗುತ್ತದೆ. ಇನ್ನೂ ಸ್ವಲ್ಪ ಇಳಿಸಿದರೆ ಬೆರಳ ತುದಿಗೆ ಕಲ್ಲು ಸಿಗುತ್ತದೆ. ಅಷ್ಟೇ. ಹಿಂದಿನವರು ಕಾಯುತ್ತಿರುತ್ತಾರೆ, ಕೈ ತೆಗೆಯಬೇಕು.

ಬೇರೆ ಎಷ್ಟೋ ದೊಡ್ಡ ದೇವಸ್ಥಾನಗಳಲ್ಲಿ ನಾವು ದೂರದಲ್ಲಿ ನಿಂತು, ಮುಂದಿನವರ ತಲೆಗಳ ನಡುವಿನಿಂದ ಇಣುಕಿ ನೋಡಿ ಬರುತ್ತೇವೆ. ಇಲ್ಲಿ ಕಣ್ಣಿಗೆ ಸಿಗದವನು ಬೆರಳಿಗೆ ಸಿಗುತ್ತಾನೆ. ಇಪ್ಪತ್ತು ಕೈಗಳ ಬಲಕ್ಕೆ ಅಲುಗಾಡದವನು, ಒಂದು ಬೆರಳು ತಾಗಿಸಲು ಯಾವ ತಡೆಯನ್ನೂ ಮಾಡುವುದಿಲ್ಲ. ನನ್ನ ಜೊತೆ ಬಂದಿದ್ದ ಅಮ್ಮ ಹೊರಗೆ ಬಂದ ಮೇಲೂ ಬಹಳ ಹೊತ್ತು ಬಲಗೈಯನ್ನು ಸೀರೆಗೆ ಒರೆಸಲಿಲ್ಲ. ನಾನು ಏನೂ ಕೇಳಲಿಲ್ಲ. ತಾಮ್ರಗೌರಿಯ ಗುಡಿಯಲ್ಲಿ ಕೈಮುಗಿಯುವಾಗಲೂ ಆ ಬೆರಳು ಒದ್ದೆಯೇ ಇತ್ತು.

ಹೊರಗೆ ರಥಬೀದಿ. ಕೊರಳ ತುಂಬ ಮಣಿಸರ ಹಾಕಿಕೊಂಡ ಹಾಲಕ್ಕಿ ಸಮುದಾಯದ ಹೆಂಗಸರು ಬೀದಿಬದಿಯಲ್ಲಿ ಹೂವು, ತರಕಾರಿ ಇಟ್ಟುಕೊಂಡು ಕೂತಿರುತ್ತಾರೆ. ಶಿವರಾತ್ರಿಯ ಜಾತ್ರೆಯಲ್ಲಿ ಇದೇ ಬೀದಿಯಲ್ಲಿ ದೊಡ್ಡ ತೇರು ಎಳೆಯುತ್ತಾರೆ. ಆಗ ಕಾಲಿಡಲು ಜಾಗ ಇರುವುದಿಲ್ಲ. ಜನ ತೇರಿಗೆ ಬಾಳೆಹಣ್ಣು ಎಸೆಯುತ್ತಾರೆ. ಎಸೆದ ಹಣ್ಣು ತೇರಿನ ಮೇಲೆ ಬಿದ್ದರೆ ಮನಸ್ಸಲ್ಲಿ ನೆನೆಸಿದ್ದು ಆಯಿತು ಅಂತ ನಂಬಿಕೆ.

ಶಿವರಾತ್ರಿಯ ದಿನ ಗೋಕರ್ಣಕ್ಕೆ ಹೋದವರು ತೇರಿನ ಬೀದಿಯಿಂದ ಸ್ವಲ್ಪ ಹೊತ್ತು ಕಡಲ ಕಡೆಗೂ ಹೋಗಬೇಕು. ಅಲ್ಲಿ ಜನ ಮರಳಲ್ಲಿ ಲಿಂಗ ಮಾಡಿ ಪೂಜೆ ಮಾಡುತ್ತಿರುತ್ತಾರೆ. ನಾವು ಹೋದಾಗ ಒಬ್ಬ ವಯಸ್ಸಾದ ಹೆಂಗಸು ನೀರಿನ ಅಂಚಿಗೆ ತೀರಾ ಹತ್ತಿರ ಕೂತಿದ್ದರು. ಒದ್ದೆ ಮರಳನ್ನು ಎರಡೂ ಅಂಗೈಯಲ್ಲಿ ಒತ್ತಿ ಒತ್ತಿ ಲಿಂಗ ಮಾಡಿದರು. ಬದಿಯ ಬಿರುಕನ್ನು ಹೆಬ್ಬೆರಳಲ್ಲಿ ಮುಚ್ಚಿದರು. ಮೇಲೆ ಎರಡು ಬಿಲ್ವಪತ್ರೆ, ಒಂದು ಎಸಳು ಅಬ್ಬಲಿಗೆ. ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಅಕ್ಕಿಯನ್ನು ಬಿಚ್ಚಿ ಹಾಕಿದರು. ನಾನು ತಡೆಯಲಾರದೆ, "ಅಜ್ಜಿ, ಸ್ವಲ್ಪ ಮೇಲೆ ಮಾಡಬಹುದಿತ್ತಲ್ಲ, ಅಲೆ ಬಂದರೆ ಹೋಗುತ್ತದೆ" ಅಂದೆ. ಅವರು ತಲೆ ಎತ್ತದೆ, "ಹೋಗಲಿ ತಂಗಿ, ಮತ್ತೊಂದು ಮಾಡಿದರಾಯಿತು" ಅಂದರು. ಪೂಜೆ ಮುಂದುವರಿಸಿದರು.

ನನಗೆ ತಟ್ಟನೆ ನೆನಪಾದವಳು ಕೈಕಸಿ. ಅವಳು ಮಾಡುತ್ತಿದ್ದದ್ದೂ ಇದನ್ನೇ ಅಲ್ವಾ? ಆತ್ಮಲಿಂಗ ಲಂಕೆಗೆ ಹೋಗಲಿಲ್ಲ. ಮಗ ಬರಿಗೈಯಲ್ಲಿ ಮನೆಗೆ ಹೋದಾಗ ಅವಳು ಏನು ಮಾಡಿದಳು ಅಂತ ನಮ್ಮ ಕಡೆ ಯಾರೂ ಹೇಳುವುದಿಲ್ಲ, ಕೇಳುವುದೂ ಇಲ್ಲ. ಮರುದಿನ ಮತ್ತೆ ದಡಕ್ಕೆ ಹೋಗಿ ಮರಳು ಕೂಡಿಸಿದಳು ಅಂತಲೇ ನಾನು ನಂಬುತ್ತೇನೆ. ದೇವತೆಗಳು ಅವಳ ಮಗನನ್ನು ತಡೆದರು, ಸರಿ. ಅವಳ ಪೂಜೆಯನ್ನು ತಡೆಯಲು ಯಾರಿಗಾದರೂ ಯಾಕೆ ಮನಸ್ಸು ಬರಬೇಕು? ಸಮುದ್ರದ ಪಕ್ಕದಲ್ಲಿ ಶಿವನಿಗೆ ಪೂಜೆ ನಡೆಯಬೇಕು ಅನ್ನುವುದು ಅವಳ ಆಸೆ. ಅದು ನಡೆಯುತ್ತಿದೆ. ಅವಳ ದಡದಲ್ಲಿ ಆಗದ್ದು ನಮ್ಮ ದಡದಲ್ಲಿ ಆಯಿತು. ಮಹಾಬಲೇಶ್ವರನಿಗೆ ಕೈಮುಗಿಯುವಾಗ ಈಗ ನಾನು ಅವಳನ್ನೂ ನೆನೆಯುತ್ತೇನೆ.

ಕಥೆ ಗೋಕರ್ಣಕ್ಕೇ ಮುಗಿಯುವುದಿಲ್ಲ. ಲಿಂಗ ಬಾರದ ಸಿಟ್ಟಿಗೆ ರಾವಣ ಅದಕ್ಕೆ ಸುತ್ತಿದ್ದನ್ನೆಲ್ಲ ಕಿತ್ತು ಎಸೆದ. ಲಿಂಗ ಇಟ್ಟಿದ್ದ ಸಂಪುಟ ಬಿದ್ದದ್ದು ಕಾರವಾರದ ಹತ್ತಿರದ ಸಜ್ಜೇಶ್ವರದಲ್ಲಿ, ಮುಚ್ಚಳ ಹೊನ್ನಾವರದ ಕಡೆಯ ಗುಣವಂತೆಯಲ್ಲಿ, ದಾರ ಕುಮಟಾದ ಕಡೆಯ ಧಾರೇಶ್ವರದಲ್ಲಿ, ಬಟ್ಟೆ ಭಟ್ಕಳದ ಕಡೆಯ ಕಂದುಕಗಿರಿಯಲ್ಲಿ ಅನ್ನುತ್ತಾರೆ. ಕೊನೆಯದೇ ಮುರುಡೇಶ್ವರ. ಗೋಕರ್ಣ ಸೇರಿ ಇವೇ ಪಂಚಕ್ಷೇತ್ರಗಳು. ಸಿಟ್ಟಲ್ಲಿ ಎಸೆದ ಒಂದೊಂದು ತುಂಡೂ ಒಂದೊಂದು ಶಿವಾಲಯವಾಯಿತು.

ಮುರುಡೇಶ್ವರವನ್ನು ಎಲ್ಲರೂ ಬಲ್ಲರು. 123 ಅಡಿಯ ಶಿವ, 20 ಅಂತಸ್ತಿನ ರಾಜಗೋಪುರ, ಮೂರು ಕಡೆ ಸಮುದ್ರ. ಅಲ್ಲಿ ಫೋಟೋ ತೆಗೆಯುವ ಗಡಿಬಿಡಿಯಲ್ಲಿ ಒಳಗಿನ ಲಿಂಗಕ್ಕೆ ನಮಸ್ಕಾರ ಮಾಡದೆ ಬರುವವರೂ ಇದ್ದಾರೆ ಅನ್ನುವುದು ನನಗೆ ನೋವು. ಧಾರೇಶ್ವರ ಮತ್ತು ಗುಣವಂತೆಗೆ ಅಂಥ ಗದ್ದಲ ಇಲ್ಲ. ಹೆದ್ದಾರಿಯಲ್ಲಿ ಹೋಗುವ ಎಷ್ಟೋ ಗಾಡಿಗಳು ನಿಲ್ಲದೆ ಮುಂದೆ ಹೋಗುತ್ತವೆ. ಧಾರೇಶ್ವರದ ಹಳೆಯ ಕಲ್ಲಿನ ಗುಡಿಯಲ್ಲಿ ಅಮ್ಮ ಮತ್ತು ನಾನು ಬಹಳ ಹೊತ್ತು ಕೂತೆವು. ಯಾರೂ ಏಳಿ ಅನ್ನಲಿಲ್ಲ. ಉಪವಾಸದ ದಣಿವೂ ಇಳಿಯಿತು.

ಐದನ್ನೂ ಒಂದೇ ದಿನದಲ್ಲಿ ನೋಡಿದರೆ ವಿಶೇಷ ಪುಣ್ಯ ಅಂತ ನಂಬಿ ಬೆಳಗಿನ ಜಾವವೇ ಹೊರಡುವವರು ಇದ್ದಾರೆ. ಅವರ ಶ್ರದ್ಧೆಗೆ ನಮಸ್ಕಾರ. ಅಮ್ಮನ ಮೊಣಕಾಲಿಗೆ ಅದು ಆಗದ ಮಾತು. ನಾವು ಒಂದೊಂದಾಗಿ ಹೋಗುತ್ತಿದ್ದೇವೆ. ಸಜ್ಜೇಶ್ವರ ಬಾಕಿ ಇದೆ. ಬರುವ ಕಾರ್ತಿಕ ಸೋಮವಾರಕ್ಕೆ ಹೊರಡೋಣ ಅಂತ ಅಮ್ಮ ಈಗಲೇ ಹೇಳಿಟ್ಟಿದ್ದಾಳೆ. ದಾರಿಯಲ್ಲಿ ಗೋಕರ್ಣಕ್ಕೆ ಮತ್ತೊಮ್ಮೆ ಇಳಿಯಬೇಕಂತೆ, ಮೊದಲು ಗಣಪತಿಯನ್ನು ನೋಡಿ.