ನೀಲಿ ಮಾತ್ರೆ ಮತ್ತು ಪ್ರಶ್ನೆ ಪೆಟ್ಟಿಗೆ

ಪ್ರೌಢಶಾಲೆಯ ಮಕ್ಕಳಿಗೆ ರಕ್ತಹೀನತೆ ತಡೆಯಲೆಂದು ವಾರಕ್ಕೊಮ್ಮೆ ಊಟದ ನಂತರ ಕೊಡುವ ಕಬ್ಬಿಣಾಂಶದ ನೀಲಿ ಮಾತ್ರೆ ಎಷ್ಟೋ ಸಲ ಬಾಯಿಗೆ ಹೋಗದೆ ಕಿಟಕಿಯಾಚೆ ಬೀಳುತ್ತದೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇದೆಯೆಂದು ಹಲಗೆಯ ಮೇಲೆ ಬರೆಸಿದರೆ ಮಕ್ಕಳು ಅಚ್ಚುಕಟ್ಟಾಗಿ ಬರೆದುಕೊಳ್ಳುತ್ತಾರೆ, ಆದರೆ ನುಂಗುವುದಿಲ್ಲ. ಹಸಿದ ಹೊಟ್ಟೆಯಲ್ಲಿ ತೆಗೆದುಕೊಂಡರೆ ವಾಕರಿಕೆ ಬರಬಹುದು, ಮಲ ಕಪ್ಪಾದರೆ ಗಾಬರಿಪಡಬೇಕಿಲ್ಲ, ಮಾತ್ರೆಯ ಬೆನ್ನಿಗೇ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ, ನಿಂಬೆಹಣ್ಣೋ ನೆಲ್ಲಿಕಾಯಿಯೋ ಜೊತೆಗಿದ್ದರೆ ಹೆಚ್ಚುತ್ತದೆ ಎಂಬಿಷ್ಟನ್ನು ಮೊದಲೇ ತಿಳಿಸಿ, ಶಿಕ್ಷಕರೂ ಮಕ್ಕಳೆದುರಿಗೇ ಒಂದು ಮಾತ್ರೆ ನುಂಗಿದರೆ ಅರ್ಧ ಅಂಜಿಕೆ ಅಲ್ಲಿಯೇ ಕಳೆಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19ರ ವಯಸ್ಸಿನ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆಯಿದೆ. ಅದೇ ವಯಸ್ಸಿನ ಹುಡುಗರಲ್ಲಿಯೂ ಶೇ. 31ರಷ್ಟು ಮಂದಿಗಿದೆ ಎಂಬುದನ್ನು ನಾವು ಸಾಮಾನ್ಯವಾಗಿ ಹೇಳುವುದೇ ಇಲ್ಲ.

ಹುಡುಗರನ್ನು ಹೊರಗಿಡುವ ಈ ಅಭ್ಯಾಸ ಹಳೆಯದು. ಆರೋಗ್ಯ ಕೇಂದ್ರದಿಂದ ಸಿಸ್ಟರ್ ಬಂದರೆ ಹುಡುಗಿಯರನ್ನು ಒಂದು ಕೋಣೆಗೆ ಕರೆದು ಬಾಗಿಲು ಹಾಕಿಕೊಳ್ಳುತ್ತೇವೆ, ಹುಡುಗರ ಕೈಗೆ ಚೆಂಡು ಕೊಟ್ಟು ಮೈದಾನಕ್ಕೆ ಕಳಿಸುತ್ತೇವೆ. ಸ್ವಪ್ನಸ್ಖಲನ ರೋಗವಲ್ಲವೆಂದು ಅವರಿಗೆ ಹೇಳುವವರು ಯಾರೂ ಇರುವುದಿಲ್ಲ; ಗೋಡೆಗಳ ಮೇಲಿನ ‘ಗುಪ್ತರೋಗ’ದ ಜಾಹೀರಾತೇ ಅವರ ಪಠ್ಯವಾಗುತ್ತದೆ. ಮುಟ್ಟಿನ ಬಗ್ಗೆಯೂ ಅವರಿಗೆ ತಿಳಿಸಿದರೆ ತರಗತಿಯಲ್ಲಿನ ಅಪಹಾಸ್ಯ ಕಡಿಮೆಯಾಗುತ್ತದೆಂಬುದು ನಾನು ಕಂಡ ಮಾತು.

ಹದಿಹರೆಯದವರಿಗೆ ಕಲಿಸಬೇಕಾದ ಜೀವನ ಕೌಶಲಗಳ, ಅಂದರೆ ದಿನನಿತ್ಯದ ಸವಾಲುಗಳನ್ನು ಎದುರಿಸುವ ಜಾಣ್ಮೆಗಳ ವಿಷಯಕ್ಕೆ ಬಂದರೆ, ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿದ ಹತ್ತು ಕೌಶಲಗಳ ಪಟ್ಟಿಯನ್ನು ಹಲವು ಶಾಲೆಗಳ ಗೋಡೆಯ ಮೇಲೆ ಕಾಣಬಹುದು. ಅದನ್ನು ಬಾಯಿಪಾಠ ಮಾಡಿಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಗುಟ್ಕಾದಿಂದ ಬಾಯಿಯ ಕ್ಯಾನ್ಸರ್ ಬರುತ್ತದೆಂದು ಎಂಟನೇ ತರಗತಿಯ ಯಾವ ಹುಡುಗನಿಗೆ ಗೊತ್ತಿಲ್ಲ? “ಒಂದ್ಸಲ ಹಾಕ್ಕೊಂಡು ನೋಡೋ, ಏನಾಗಲ್ಲ” ಎಂದು ಗೆಳೆಯನೇ ಕೈ ಚಾಚಿದಾಗ, ಸ್ನೇಹ ಕೆಡದಂತೆಯೂ ತಾನು ಅಂಜುಬುರುಕನೆನಿಸದಂತೆಯೂ ಏನು ಉತ್ತರಿಸಬೇಕೆಂಬುದು ಅವನಿಗೆ ಗೊತ್ತಿಲ್ಲ. ಆ ಉತ್ತರವನ್ನು ತರಗತಿಯಲ್ಲಿ ಇಬ್ಬಿಬ್ಬರಾಗಿ ನಿಂತು, ನಗುತ್ತಲೇ ಆದರೂ ಬಾಯಿಬಿಟ್ಟು ಆಡಿ ರೂಢಿಸಿಕೊಳ್ಳಬೇಕು. ನಲವತ್ತು ನಿಮಿಷದ ಅವಧಿಯಲ್ಲಿ ಇಂಥ ಒಂದೇ ಸನ್ನಿವೇಶ ನಡೆದರೂ ಸಾಕು.

ಹೆಸರು ಬರೆಯದೆ ಚೀಟಿ ಹಾಕುವ ಪ್ರಶ್ನೆ ಪೆಟ್ಟಿಗೆಯೂ ಬಹಳ ಉಪಯುಕ್ತ. ಮೊದಮೊದಲು ಕೀಟಲೆಯ ಚೀಟಿಗಳೇ ಬರುತ್ತವೆ. ಬೇಸರಿಸದೆ ಅವುಗಳಿಗೂ ಗಂಭೀರವಾಗಿ ಉತ್ತರಿಸಿದರೆ ನಿಜವಾದ ಪ್ರಶ್ನೆಗಳು ಹೊರಬೀಳುತ್ತವೆ. ಒಂದು ಎಚ್ಚರಿಕೆ ಮಾತ್ರ ಬೇಕು. ಮಗುವೊಂದು ಲೈಂಗಿಕ ದೌರ್ಜನ್ಯದ ಸಂಗತಿಯನ್ನು ಹೇಳಿಕೊಂಡರೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಂತೆ ಅದನ್ನು ಪೊಲೀಸರಿಗೆ ತಿಳಿಸುವುದು ಶಿಕ್ಷಕರ ಕರ್ತವ್ಯವಾಗಿರುವುದರಿಂದ, “ಯಾರಿಗೂ ಹೇಳುವುದಿಲ್ಲ” ಎಂಬ ಮಾತನ್ನು ನಾವು ಕೊಡುವಂತಿಲ್ಲ. ಆದ್ದರಿಂದ ಪೆಟ್ಟಿಗೆ ಇಡುವ ದಿನವೇ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಿ, ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆಯನ್ನು ಪೆಟ್ಟಿಗೆಯ ಮೇಲೆಯೇ ದೊಡ್ಡದಾಗಿ ಬರೆದಿಡುತ್ತೇನೆ.