ಸೊನ್ನೆ ಬಿಲ್ ಯಾರ ಪಾಲು? ಗೃಹಜ್ಯೋತಿ, ಸಬ್ ಮೀಟರ್ ಮತ್ತು ದಾವಣಗೆರೆಯ ಬಾಡಿಗೆ ಮನೆಗಳು

ದಾವಣಗೆರೆಯ ವಿದ್ಯಾನಗರ, ನಿಟುವಳ್ಳಿ, ವಿನೋಬನಗರದ ಕಡೆ ಕೆಳಗೆ ಓನರ್, ಮೇಲೆ ಎರಡು ಬಾಡಿಗೆ ಮನೆ ಇರುವ ಕಟ್ಟಡಗಳು ಬೇಕಾದಷ್ಟಿವೆ. ಇಂಥ ಕಡೆ ಎಷ್ಟೋ ಸಲ ಬೆಸ್ಕಾಂ ಮೀಟರ್ ಇರುವುದು ಒಂದೇ. ಬಾಡಿಗೆ ಮನೆಗಳಿಗೆ ಓನರ್ ಹಾಕಿಸಿದ ಸಬ್ ಮೀಟರ್. ಮೇನ್ ಮೀಟರಿಗೆ ಗೃಹಜ್ಯೋತಿಯ ಸೊನ್ನೆ ಬಿಲ್ ಬರುತ್ತಿದ್ದರೂ ಸಬ್ ಮೀಟರಿನ ಲೆಕ್ಕದಲ್ಲಿ ಯೂನಿಟ್ಟಿಗೆ ಎಂಟೋ ಹತ್ತೋ ರೂಪಾಯಿ ವಸೂಲಿ ಮಾಡುವವರಿದ್ದಾರೆ. ಇದು ಅನ್ಯಾಯ. ಸರ್ಕಾರ ಬೆಸ್ಕಾಂಗೆ ತುಂಬಿಕೊಡುವ ಆ ಹಣ ಕರೆಂಟ್ ಬಳಸಿದವರ ಪಾಲಿನದು, ಕಟ್ಟಡ ಯಾರ ಹೆಸರಿನಲ್ಲಿದೆ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಬಾಡಿಗೆದಾರರೂ ಫಲಾನುಭವಿಗಳು ಎಂದು ಯೋಜನೆಯೇ ಹೇಳುತ್ತದೆ.

ಮೊದಲು ಲೆಕ್ಕ ತಿಳಿದಿರಲಿ. 2022-23ರಲ್ಲಿ ಆ ಮೀಟರಿನ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇ. 10 ಸೇರಿಸಿದರೆ ಉಚಿತ ಯೂನಿಟ್ ಸಿಗುತ್ತದೆ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ 2024ರಲ್ಲಿ ಶೇ. 10ರ ಬದಲು 10 ಯೂನಿಟ್ ಎಂದು ಬದಲಾಯಿತು. ಸರಾಸರಿ 120 ಇದ್ದರೆ ಉಚಿತ 132. ಅದರೊಳಗೆ ಬಳಸಿದರೆ ಬಿಲ್ ಸೊನ್ನೆ. 132 ದಾಟಿ 200ರೊಳಗಿದ್ದರೆ ಹೆಚ್ಚುವರಿ ಯೂನಿಟ್ಟಿಗಷ್ಟೇ ದುಡ್ಡು. 200 ದಾಟಿತೋ, ಆ ತಿಂಗಳು ಮೊದಲ ಯೂನಿಟ್ಟಿನಿಂದ ಪೂರ್ತಿ ಬಿಲ್. ಒಂದೇ ಮೀಟರಿನಲ್ಲಿ ಮೂರು ಸಂಸಾರ ಇರುವ ಕಡೆ ಜಗಳ ಹುಟ್ಟುವುದೇ ಈ 200ರ ಗೆರೆಯಲ್ಲಿ.

ನಿಮ್ಮ ಮನೆಗೆ ಬೇರೆ ಆರ್‌ಆರ್ ನಂಬರ್ (ಬೆಸ್ಕಾಂ ಸಂಪರ್ಕದ ನಂಬರ್), ಅಂದರೆ ಬೇರೆ ಮೀಟರ್ ಇದ್ದರೆ ಕೆಲಸ ಸುಲಭ. ಸೇವಾ ಸಿಂಧು ಗ್ಯಾರಂಟಿ ಪೋರ್ಟಲ್‌ನಲ್ಲಿ ಗೃಹಜ್ಯೋತಿ ತೆರೆದು, ಬೆಸ್ಕಾಂ ಆರಿಸಿ, ಬಿಲ್ಲಿನ ಮೇಲಿರುವ ಹತ್ತು ಅಂಕಿಯ ಅಕೌಂಟ್ ಐಡಿ ಹಾಕಿ. ಮಾಲೀಕರೋ ಬಾಡಿಗೆದಾರರೋ ಎಂದು ಕೇಳುವಲ್ಲಿ ಬಾಡಿಗೆದಾರ ಎಂದೇ ಕೊಡಿ. ನಿಮ್ಮ ಆಧಾರ್, ಒಟಿಪಿ, ಮೊಬೈಲ್ ನಂಬರ್ ಕೊಟ್ಟರೆ ಮುಗಿಯಿತು. ಬಾಡಿಗೆ ಕರಾರು ಅಥವಾ ಆ ವಿಳಾಸದ ವೋಟರ್ ಐಡಿ ಕೈಯಲ್ಲಿರಲಿ. ಒಂದು ಆಧಾರಿಗೆ ಒಂದೇ ಮೀಟರ್. ಹಾಗಾಗಿ ನಾಲ್ಕು ಮೀಟರ್ ಇರುವ ಓನರ್ ನಾಲ್ಕಕ್ಕೂ ತಮ್ಮ ಆಧಾರ್ ಕೊಡಲು ಬರುವುದಿಲ್ಲ, ಉಳಿದ ಮೂರಕ್ಕೆ ಅಲ್ಲಿ ವಾಸ ಇರುವವರೇ ಅರ್ಜಿ ಹಾಕಬೇಕು. ಅಂಗಡಿಯ ವಾಣಿಜ್ಯ ಮೀಟರಿನಿಂದ ಮನೆಗೆ ಲೈನ್ ಎಳೆದಿದ್ದರೆ ಯೋಜನೆ ಸಿಗುವುದಿಲ್ಲ. ಮುಂಗಡ ಕೊಡುವ ಮೊದಲೇ ಹಳೆಯ ಬಿಲ್ ಕೇಳಿ ನೋಡಿಕೊಳ್ಳಿ.

ಬಾಡಿಗೆದಾರರ ಆಧಾರ್ ಜೋಡಿಸಿದರೆ ನಾಳೆ ಮನೆಯ ಮೇಲೆ ಹಕ್ಕು ಕೂರಿಸಿಯಾರು ಎಂದು ಹಿರಿಯ ಓನರ್‌ಗಳು ಅಂಜುತ್ತಾರೆ. ಅಂಜುವ ಕಾರಣವಿಲ್ಲ. ಬಿಲ್ಲಿನ ಮೇಲಿನ ಹೆಸರು ಓನರ್‌ದೇ ಇರುತ್ತದೆ, ಮನೆಯ ಆಸ್ತಿ ಖಾತೆಗೂ ಇದಕ್ಕೂ ಸಂಬಂಧವೇ ಇಲ್ಲ. "ಅಜ್ಜಾರೆ, ಬಿಲ್ಲಲ್ಲಿ ನಿಮ್ಮ ಹೆಸರೇ ಬರುತ್ತೆ ನೋಡಿ" ಎಂದು ಮುಂದಿನ ತಿಂಗಳ ಬಿಲ್ ತೋರಿಸಿದರೆ ಸಾಕು.

ಈಗ ಒಂದೇ ಮೀಟರಿನ ವಿಷಯ. ಸರಾಸರಿ 150, ಉಚಿತ 165 ಎಂದಿಟ್ಟುಕೊಳ್ಳಿ. ಈ ತಿಂಗಳು ಓನರ್ 80, ಮೇಲಿನ ಎರಡು ಮನೆ 45 ಮತ್ತು 55, ಒಟ್ಟು 180 ಯೂನಿಟ್. ಹೆಚ್ಚುವರಿ 15 ಯೂನಿಟ್ಟಿಗೆ ತೆರಿಗೆ ಸೇರಿ ನೂರು ರೂಪಾಯಿ ಬಿಲ್ ಬಂತು ಅನ್ನೋಣ. ಆ ನೂರನ್ನು ಬಳಕೆಯ ಪ್ರಮಾಣದಲ್ಲಿ ಹಂಚಬೇಕು: ಓನರ್ 44, ಒಬ್ಬರು 25, ಇನ್ನೊಬ್ಬರು 31. ಅದರ ಬದಲು ಮೇಲಿನವರಿಂದ ಯೂನಿಟ್ಟಿಗೆ ಹತ್ತರಂತೆ ವಸೂಲಿ ಮಾಡಿದರೆ 450 ಮತ್ತು 550, ಒಟ್ಟು ಸಾವಿರ. ಬೆಸ್ಕಾಂಗೆ ಹೋಗುವುದು ನೂರು. ಉಳಿದ ಒಂಬೈನೂರಕ್ಕೆ ಯಾವ ಸಮರ್ಥನೆಯೂ ಇಲ್ಲ.

ಬಿಲ್ ತೋರಿಸಲು ಓನರ್ ಒಪ್ಪದಿದ್ದರೆ ಅಕೌಂಟ್ ಐಡಿ ಒಂದು ಗೊತ್ತಿದ್ದರೂ ಸಾಕು. ಬೆಸ್ಕಾಂ ಮಿತ್ರ ಆ್ಯಪ್‌ನಲ್ಲೋ ಫೋನ್‌ಪೇಯಲ್ಲೋ ಹಾಕಿದರೆ ಬಾಕಿ ಎಷ್ಟೆಂದು ಕಾಣುತ್ತದೆ.

200ರ ಗೆರೆ ದಾಟುವುದು ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲಿ. ನಮ್ಮ ಕಡೆಯ ಬಿಸಿಲಿಗೆ ಹಗಲು ರಾತ್ರಿ ಫ್ಯಾನ್, ಕೂಲರ್. 75 ವ್ಯಾಟಿನ ಫ್ಯಾನ್ ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ 22 ಯೂನಿಟ್ ಮೇಲೆ. ಚಳಿಗಾಲದಲ್ಲಿ 2 ಕಿಲೋವ್ಯಾಟಿನ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೆ 30 ಯೂನಿಟ್. ಆದ್ದರಿಂದ ಹಿಂದಿನ ರೀಡಿಂಗ್ ಆದ ಇಪ್ಪತ್ತನೇ ದಿನ ಮೂರೂ ಮನೆಯವರು ಮೇನ್ ಮೀಟರ್ ನೋಡಬೇಕು. 135 ದಾಟಿದ್ದರೆ ಅದೇ ವೇಗದಲ್ಲಿ ತಿಂಗಳ ಕೊನೆಗೆ 200 ದಾಟುತ್ತದೆ. ಉಳಿದ ಹತ್ತು ದಿನ ಕೈ ಬಿಗಿ ಹಿಡಿದರೆ ಸಾವಿರಕ್ಕೂ ಮೇಲೆ ಉಳಿಯುತ್ತದೆ. ದಾಟಿಯೇಬಿಟ್ಟರೆ ಪೂರ್ತಿ ಬಿಲ್ಲನ್ನೂ ಪ್ರಮಾಣದಲ್ಲೇ ಹಂಚಿ. "ನಿಮ್ಮಿಂದಲೇ ದಾಟಿತು" ಎಂದು ಒಬ್ಬರ ತಲೆಗೆ ಕಟ್ಟಬಾರದು.

ಎಲ್ಲರೂ ಮರೆಯುವುದು ಬೋರ್‌ವೆಲ್ ಮೋಟರ್. 1 ಎಚ್‌ಪಿ ಮೋಟರ್ ದಿನಕ್ಕೆ ಒಂದು ಗಂಟೆ ಓಡಿದರೆ ತಿಂಗಳಿಗೆ 25ರಿಂದ 30 ಯೂನಿಟ್. ಅದರ ವೈರ್ ಬಾಡಿಗೆದಾರರ ಮೀಟರಿನಲ್ಲಿದ್ದರೆ ಇಡೀ ಕಟ್ಟಡದ ನೀರು ಅವರ ಉಚಿತ ಯೂನಿಟ್ ತಿನ್ನುತ್ತದೆ. ಪರೀಕ್ಷೆ ಸರಳ: ಮೋಟರ್, ಮೆಟ್ಟಿಲ ದೀಪ ಹಾಕಿರುವಾಗ ನಿಮ್ಮ ಮನೆಯ ಎಲ್ಲ ಸ್ವಿಚ್ ಆರಿಸಿ, ಫ್ರಿಜ್ ಪ್ಲಗ್ ತೆಗೆದು, ಮೀಟರಿನ ಕೆಂಪು ದೀಪ ನೋಡಿ. ಅದು ಇನ್ನೂ ಮಿನುಗುತ್ತಿದ್ದರೆ ಮೆಟ್ಟಿಲ ದೀಪವೋ ಮೋಟರೋ ನಿಮ್ಮ ಲೈನಿನಲ್ಲಿರುವ ಸಾಧ್ಯತೆ ಹೆಚ್ಚು. ಸಬ್ ಮೀಟರ್ ಜೋರಾಗಿ ಓಡುತ್ತಿದೆ ಎಂಬ ಅನುಮಾನವಿದ್ದರೆ 1500 ವ್ಯಾಟಿನ ವಾಟರ್ ಹೀಟರ್ ಕಾಯಿಲ್ ಒಂದನ್ನೇ ಬಕೆಟ್ ನೀರಿಗಿಟ್ಟು 20 ನಿಮಿಷ ಉರಿಸಿ. ಸುಮಾರು ಅರ್ಧ ಯೂನಿಟ್ ತೋರಿಸಬೇಕು. ಮುಕ್ಕಾಲು ತೋರಿಸಿದರೆ ಮೀಟರ್ ಬದಲಿಸಬೇಕು.

ಕಾಯಂ ಪರಿಹಾರ ಪ್ರತ್ಯೇಕ ಮೀಟರ್. ಅರ್ಜಿ ಓನರೇ ಹಾಕಬೇಕು, ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಮೂಲಕ. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹೊಸ ಸಂಪರ್ಕಕ್ಕೆ ಕಟ್ಟಡದ ಒಸಿ (ಕಟ್ಟಡ ವಾಸಕ್ಕೆ ಸರಿಯಿದೆ ಎಂದು ಸ್ಥಳೀಯ ಸಂಸ್ಥೆ ಕೊಡುವ ಪತ್ರ) ಕೇಳುವುದು ಬಿಗಿಯಾಯಿತು. ಹಾಗಾಗಿ ವೈರಿಂಗ್ ಖರ್ಚು ಮಾಡುವ ಮೊದಲೇ ಬೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ವಿಚಾರಿಸಿ. ಅಲ್ಲಿಯವರೆಗೆ ಹನ್ನೊಂದು ತಿಂಗಳ ಕರಾರಿನಲ್ಲಿ ಇಷ್ಟು ಬರೆಸಿಕೊಳ್ಳಿ: "ವಿದ್ಯುತ್ ಶುಲ್ಕವನ್ನು ಆಯಾ ತಿಂಗಳ ಬೆಸ್ಕಾಂ ಬಿಲ್ಲಿನ ನಿಜವಾದ ಮೊತ್ತದಲ್ಲಿ ಸಬ್ ಮೀಟರ್ ರೀಡಿಂಗ್ ಪ್ರಮಾಣದಂತೆ ಹಂಚಿಕೊಳ್ಳುವುದು, ಬಿಲ್ ಸೊನ್ನೆಯಾದಲ್ಲಿ ಶುಲ್ಕವಿಲ್ಲ, ಮೋಟರ್ ಮತ್ತು ಮೆಟ್ಟಿಲ ದೀಪದ ಖರ್ಚು ಎಲ್ಲ ಮನೆಗಳಿಗೆ ಸಮಪಾಲು."

ಓನರ್ ಕಡೆಗೂ ನ್ಯಾಯ ಆಗಬೇಕು. 2022-23ರಲ್ಲಿ ಮನೆ ಬಹಳ ತಿಂಗಳು ಖಾಲಿ ಇದ್ದರೆ ಉಚಿತ ಯೂನಿಟ್ ಕಡಿಮೆ ಇರುತ್ತದೆ, ಅದಕ್ಕೆ ಅವರನ್ನು ದೂರುವಂತಿಲ್ಲ. ಬಾಡಿಗೆದಾರರು ಮನೆ ಬಿಟ್ಟು ಹೋದ ಮೇಲೂ ಆಧಾರ್ ಅದೇ ಮೀಟರಿಗೆ ಅಂಟಿಕೊಂಡಿದ್ದರೆ ಮುಂದೆ ಬರುವವರಿಗೆ ನೋಂದಣಿ ಆಗುವುದಿಲ್ಲ, ಹೋದವರಿಗೂ ಹೊಸ ಮನೆಯಲ್ಲಿ ಸಿಗುವುದಿಲ್ಲ. ಇದಕ್ಕೆಂದೇ ಅದೇ ಪೋರ್ಟಲ್‌ನಲ್ಲಿ ಡಿ-ಲಿಂಕ್ (ಆಧಾರ್ ಜೋಡಣೆ ಬಿಡಿಸುವ) ಸೌಲಭ್ಯ ಬಂದಿದೆ, ಆಧಾರ್ ಒಟಿಪಿ ಹಾಕಿದರೆ ಆಯಿತು. ಮನೆ ಖಾಲಿ ಮಾಡುವ ದಿನ ಮೇನ್ ಮೀಟರ್, ಸಬ್ ಮೀಟರ್ ಎರಡರ ಫೋಟೋ ತೆಗೆದು, ಡಿ-ಲಿಂಕ್ ಆದ ಸಂದೇಶವನ್ನೂ ಓನರ್‌ಗೆ ವಾಟ್ಸಾಪ್ ಮಾಡಿ. ಅಡ್ವಾನ್ಸ್ ವಾಪಸ್ ಕೊಡುವಾಗ ಓನರ್ ಕೇಳಬೇಕಾದ್ದೂ ಇವೆರಡನ್ನೇ. ಡಿ-ಲಿಂಕ್ ಆಗದೆ ತಕರಾರು ಬಂದರೆ ಬೆಸ್ಕಾಂ ಸಹಾಯವಾಣಿ 1912.