ತಲೆ ಒಪ್ಪಿತು, ಭುಜ ಒಪ್ಪಲಿಲ್ಲ

ಅಪ್ಪಯ್ಯ ತೀರಿಕೊಂಡ ಮೇಲೆ ಅಡಿಕೆ ತೋಟ ನನ್ನ ಪಾಲಿಗೆ ಬಂತು. ಬೆಂಗಳೂರಿನ ಕೆಲಸಕ್ಕೆ ರಜೆ ಹಾಕಿ ಶಿರಸಿ ಹತ್ತಿರದ ನಮ್ಮೂರಿಗೆ ಬಂದವಳು ಅತ್ತ ವಾಪಸ್ ಹೋಗಲಿಲ್ಲ, ಇತ್ತ ತೋಟಕ್ಕೂ ಇಳಿಯಲಿಲ್ಲ. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವ ಹೊತ್ತು ಬಂದಿತ್ತು. ಮೈಲುತುತ್ತ, ಸುಣ್ಣ ಎರಡೂ ಮನೆಯಲ್ಲಿದ್ದವು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರಿಗೆ ಒಂದು ಫೋನ್ ಮಾಡಲು ಆಗುತ್ತಿರಲಿಲ್ಲ. "ಮನಸ್ಸು ಗಟ್ಟಿ ಮಾಡ್ಕೊ" ಅಂತ ನೆಂಟರೆಲ್ಲ ಹೇಳಿದರು. ಹೀಗೆ ಸಿಕ್ಕಿಕೊಂಡವರು ಸೋಮಾರಿಗಳಲ್ಲ. ಕೂತಲ್ಲೇ ದಣಿದಿರುತ್ತಾರೆ.

ಗೆಳತಿಯೊಬ್ಬಳು ಶಿರಸಿಯ ಆಪ್ತಸಮಾಲೋಚಕಿಯ ಹತ್ತಿರ ಕರೆದುಕೊಂಡು ಹೋದಳು. ಅವರು ತೋಟದ ಮಾತೇ ಎತ್ತಲಿಲ್ಲ. ನಿದ್ದೆ ಬರುತ್ತಾ, ಊಟ ಸೇರುತ್ತಾ, ಥೈರಾಯ್ಡ್, ಬಿ12 ನೋಡಿಸಿದ್ದೀರಾ ಅಂದರು. ಆಮೇಲೆ, "ಬದುಕೋದೇ ಬೇಡ ಅನ್ನಿಸಿದ್ದಿದೆಯಾ?" ಅಂತ ನೇರವಾಗಿ ಕೇಳಿದರು. ಇಲ್ಲ ಅಂದೆ. ಆದರೆ ಒಬ್ಬರಾದರೂ ಕೇಳಿದರಲ್ಲ ಅಂತ ಎದೆ ಹಗುರಾಯಿತು.

"ತೋಟ ಬಿಟ್ಟು ಹೋದರೆ ಅಪ್ಪಯ್ಯನಿಗೆ ಮೋಸ ಮಾಡಿದ ಹಾಗೆ" ಅಂದಿದ್ದೆ. ಅದನ್ನೇ ಹಾಳೆಯಲ್ಲಿ ಬರೆಸಿದರು. ಹೌದು ಅನ್ನಲು ಏನು ಆಧಾರ, ಅಲ್ಲ ಅನ್ನಲು ಏನು ಆಧಾರ? ನಮ್ಮ ಯೋಚನೆಯನ್ನೇ ಹೀಗೆ ಪರೀಕ್ಷಿಸುವುದು, 1960ರ ದಶಕದಲ್ಲಿ ಮನೋವೈದ್ಯ ಆರನ್ ಬೆಕ್ ಶುರು ಮಾಡಿದ ಚಿಕಿತ್ಸೆಯ ದಾರಿ. ಬರೆದೆ. ಅದು ಮೋಸವಲ್ಲ ಅಂತ ಹಾಳೆಯೇ ಹೇಳುತ್ತಿತ್ತು.

ಅವರು ನನ್ನನ್ನೇ ನೋಡುತ್ತಿದ್ದರು. "ನಿಮ್ಮ ತಲೆ ಒಪ್ಪಿತು, ಭುಜ ಒಪ್ಪಲಿಲ್ಲ" ಅಂದರು. ನಿಜ, ಭುಜ ಎರಡೂ ಕಿವಿಯವರೆಗೆ ಬಿಗಿದಿದ್ದವು. ಹಾಳೆ ಪಕ್ಕಕ್ಕಿಟ್ಟರು. ಪಾದ ನೆಲಕ್ಕೆ ಊರಿಸಿ, ನಿಧಾನಕ್ಕೆ ಉಸಿರು ಬಿಡಿಸಿದರು. ಆಮೇಲೆ ಖಾಲಿ ಕುರ್ಚಿಯೊಂದನ್ನು ಎದುರಿಗೆ ಎಳೆದು, ಅಪ್ಪಯ್ಯ ಅಲ್ಲಿ ಕೂತಿದ್ದರೆ ಏನು ಹೇಳುತ್ತೀರಿ ಅಂದರು. ಈ ಕ್ಷಣದಲ್ಲಿ ಅನ್ನಿಸುವುದಕ್ಕೆ ಒತ್ತು ಕೊಡುವ ಗೆಸ್ಟಾಲ್ಟ್ ಎಂಬ ಚಿಕಿತ್ಸೆಯ ಫ್ರಿಟ್ಸ್ ಪರ್ಲ್ಸ್ ಇದನ್ನು ಹೆಸರುವಾಸಿ ಮಾಡಿದವರಂತೆ.

ತೋಟದ ಬಗ್ಗೆಯೇ ಮಾತಾಡುತ್ತೇನೆ ಅಂದುಕೊಂಡಿದ್ದೆ. ಬಾಯಿಂದ ಬಂದದ್ದು ಬೇರೆ. "ಎದೆನೋವು ಇದ್ದಿದ್ದನ್ನ ಎಂತಕ್ಕೆ ಹೇಳಿದ್ದಿಲ್ಲೆ ಅಪ್ಪಯ್ಯ?" ಅಷ್ಟು ಸಿಟ್ಟು ಒಳಗಿತ್ತು ಅಂತ ನನಗೇ ಗೊತ್ತಿರಲಿಲ್ಲ. ತುಂಬಾ ಹೊತ್ತು ಅತ್ತೆ. ಆ ಕುರ್ಚಿಯಲ್ಲಿ ಕೂತು ಅಪ್ಪಯ್ಯನ ಪರವಾಗಿ ಉತ್ತರ ಕೊಡುತ್ತೀರಾ ಅಂದಾಗ ಬೇಡ ಅಂದೆ. ಅವರೂ ಒತ್ತಾಯ ಮಾಡಲಿಲ್ಲ. ಅವರ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಆಗಲೇ ಇರಬೇಕು.

ನಿಮ್ಮದು ಯಾವ ಪದ್ಧತಿ ಮೇಡಂ ಅಂದೆ. "ಇಂಟಿಗ್ರೇಟಿವ್ ಅಂತಾರೆ, ಹಲವು ಪದ್ಧತಿಗಳನ್ನ ಸೇರಿಸಿದ್ದು. ಒಂದನ್ನೇ ಹಿಡಿದು ಕೂತರೆ ನಿಮ್ಮ ಜೊತೆ ನಾನೂ ಸಿಕ್ಕಿಹಾಕಿಕೊಳ್ತೀನಿ" ಅಂದರು. ಹಾಗಂತ ಅದು ಎಲ್ಲವನ್ನೂ ಸುಮ್ನೆ ಬೆರೆಸಿದ್ದಲ್ಲ. ಪ್ರತಿ ಹೆಜ್ಜೆಗೂ ನನ್ನ ಮುಖ ನೋಡಿ, ಮುಂದಿನದನ್ನು ಆರಿಸುತ್ತಿದ್ದರು.

ಹೊರಡುವ ಮೊದಲು ಒಂದೇ ಕೆಲಸ ಕೊಟ್ಟರು. "ತೋಟ ಇಟ್ಕೊಳ್ಳೋದಾ, ಬಿಡೋದಾ? ಅದು ಇವತ್ತು ಬೇಡ. ಒಂದು ಫೋನ್ ಮಾಡಿ, ಸಾಕು." ಹುಮ್ಮಸ್ಸು ಬರಲಿ ಅಂತ ಕಾಯಬೇಡಿ, ಎಷ್ಟೋ ಸಲ ಕೆಲಸ ಶುರುವಾದ ಮೇಲೆ ಅದು ಬರುತ್ತದೆ ಅಂದರು. ಅಲ್ಲೇ ಜಗುಲಿಯಲ್ಲಿ ನಿಂತು ಕೊನೆಗೌಡರಿಗೆ ಫೋನ್ ಮಾಡಿದೆ. "ಹೊಳವಾದ್ರೆ ನಾಳೆನೇ ಬರ್ತೆ" ಅಂದರು, ಮಳೆ ಬಿಟ್ಟರೆ ಅಂತ.

ಬೆಂಗಳೂರಿನ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಅವರ ಹತ್ತಿರ ಈಗಲೂ ಹೋಗುತ್ತಿದ್ದೇನೆ. ಘಟ್ಟದ ಕೆಳಗಿನ ಊರುಗಳಿಂದ ಇಷ್ಟು ದೂರ ಬರಲಾಗದವರು 14416ಕ್ಕೆ ಕರೆ ಮಾಡಿ. ಅದು 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.